ಹಾಲಮ್ಮನ ಎರಡನೆಯ ಸ್ಕ್ಯಾನ್

ದಾವಣಗೆರೆಯಲ್ಲಿ ಹಾಲಮ್ಮ, ಕೊಟ್ರಮ್ಮ ಎಂಬ ವಾರಗಿತ್ತಿಯರು ಸೇರಿ ಮಂಡಕ್ಕಿ ಭಟ್ಟಿ ನಡೆಸುತ್ತಿದ್ದರು. ಹಿರಿಯಳಾದ ಹಾಲಮ್ಮ ಜಾರಿ ಬಿದ್ದು, ಪಾದದ ಮೂಳೆ ಮುರಿದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು. ಅದನ್ನು ಬಿಚ್ಚಿದ ಮೇಲೆ ಅದೇ ಕಾಲಿನ ಮೀನಖಂಡ ಊದಿಕೊಂಡಿತು. ನೋಡಿ ಕೊಟ್ರಮ್ಮನಿಗೂ ದಿಗಿಲಾಯಿತು. ಇಡೀ ದಿನ ಭಟ್ಟಿ ಮುಂದೆ ನಿಂತು ಅವಳ ಕಾಲೂ ನೋಯುತ್ತಿತ್ತು.

ಇಬ್ಬರೂ ಡಾಕ್ಟರ್ ಶಶಿರೇಖಾ ಅವರ ಬಳಿ ಹೋದರು. ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಎಂದು ತಿಳಿಯಲು ಡಾಕ್ಟರು ಇಬ್ಬರಿಗೂ ರಕ್ತ ಪರೀಕ್ಷೆ, ಸ್ಕ್ಯಾನ್ ಮಾಡಿಸಿದರು. ಇಬ್ಬರ ಸ್ಕ್ಯಾನಿನಲ್ಲೂ ಏನೂ ಕಾಣಲಿಲ್ಲ.

"ಕೊಟ್ರಮ್ಮ, ನಿಮ್ಮ ರಕ್ತ ಪರೀಕ್ಷೆಯೂ ಸರಿಯಿದೆ, ಊತವೂ ಇಲ್ಲ. ನಿಶ್ಚಿಂತೆಯಿಂದ ಹೋಗಿ. ಹಾಲಮ್ಮ, ನಿಮ್ಮ ರಕ್ತ ಪರೀಕ್ಷೆ ನೋಡಿದರೆ ಅನುಮಾನ ಹೋಗ್ತಿಲ್ಲ. ಮುಂದಿನ ವಾರ ಇನ್ನೊಮ್ಮೆ ಸ್ಕ್ಯಾನ್‌ಗೆ ಬರಲೇಬೇಕು. ನಡುವೆ ಎದೆ ನೋವೋ ಏದುಸಿರೋ ಬಂದರೆ ತಕ್ಷಣ ಬನ್ನಿ," ಎಂದರು.

ವಾರ ಕಳೆಯಿತು. ಹಾಲಮ್ಮ ಹೊರಡಲಿಲ್ಲ.

"ಏನೂ ಇಲ್ಲ ಅಂತ ಮಷಿನ್ನೇ ಹೇಳೈತಲ್ಲ. ಊತಾನೂ ಒಂಚೂರು ಇಳಿದೈತಿ," ಎಂದಳು.

ಕೊಟ್ರಮ್ಮನಿಗೆ ಮಾತ್ರ ಸಮಾಧಾನವಿರಲಿಲ್ಲ. "ನನಗೆ ಇನ್ನೊಂದ್ಸಲ ತೋರಿಸಬೇಕು ಅಕ್ಕಾ. ಒಬ್ಬಳೇ ಹೋಗಾಕೆ ಭಯ. ಜತಿಗೆ ಬಾ," ಎಂದು ಕೈ ಹಿಡಿದು ಎಬ್ಬಿಸಿದಳು.

ಬಂದವಳನ್ನು ಕಂಡು ಡಾಕ್ಟರು ಮೊದಲು ಹಾಲಮ್ಮನಿಗೇ ಸ್ಕ್ಯಾನ್ ಮಾಡಿಸಿದರು. ಈ ಸಲ ಅವಳ ಮೊಣಕಾಲಿನ ಮೇಲಿನ ನಾಳದಲ್ಲಿ ಹೆಪ್ಪು ಕಂಡಿತು.

"ಹಂಗಾದ್ರೆ ಹೋದ ವಾರದ್ದು ಸುಳ್ಳಾ?" ಎಂದು ಹಾಲಮ್ಮ ಕೇಳಿದಳು.

"ಸುಳ್ಳಲ್ಲ ತಾಯಿ. ಆಗ ಕೆಳಗೆಲ್ಲೋ ಕಾಣದಷ್ಟು ಸಣ್ಣದಿದ್ದಿರಬೇಕು. ಈಗ ಬೆಳೆದು ಮೇಲೆ ಬಂದಿದೆ. ಅದರ ಚೂರು ಕಳಚಿ ಶ್ವಾಸಕೋಶಕ್ಕೆ ಹೋಗಿದ್ದರೆ ಜೀವಕ್ಕೇ ಅಪಾಯವಿತ್ತು," ಎಂದರು ಡಾಕ್ಟರು. ಅಂದೇ ಔಷಧಿ ಶುರುವಾಯಿತು.

ಕೊಟ್ರಮ್ಮ ತಾನೂ ಸ್ಕ್ಯಾನಿನ ಮಂಚದ ಕಡೆ ನಡೆದಳು. ಡಾಕ್ಟರು ಅವಳ ಎರಡೂ ಕಾಲನ್ನು ಒತ್ತಿ ನೋಡಿದರು.

"ಹೊಸದಾಗಿ ಏನೂ ಆಗಿಲ್ಲ. ಇನ್ನೊಂದು ಸ್ಕ್ಯಾನ್ ಮಾಡಿದರೆ ಭಯ ನಾಲ್ಕು ದಿನ ಹೋಗುತ್ತೆ, ಮತ್ತೆ ಬರುತ್ತೆ. ಭಟ್ಟಿ ಕೆಲಸದ ನಡುವೆ ಆಗಾಗ ಕೂತು ಸುಧಾರಿಸಿಕೊಳ್ಳಿ. ಊತ ಬಂದರೆ ಆ ದಿನವೇ ನೋಡೋಣ."

ಕೊಟ್ರಮ್ಮ ಬಂದು ಹಾಲಮ್ಮನ ಪಕ್ಕ ಕೂತಳು. ಹಾಲಮ್ಮ ಅವಳ ಬೆನ್ನು ಸವರಿದಳು. "ನಿನ್ನ ಹೆದರಿಕೆ ನನ್ನ ಜೀವ ಉಳಿಸ್ತು ನೋಡು. ಇನ್ನು ಅದನ್ನ ಇಲ್ಲೇ ಬಿಟ್ಟು ನಡಿ," ಎಂದಳು.

ನೀತಿ: ಅನುಮಾನ ಉಳಿದಿರುವಾಗ ಒಮ್ಮೆ ಸಿಕ್ಕ ಒಳ್ಳೆಯ ಉತ್ತರವನ್ನೇ ನಂಬಿ ಕೂರಬಾರದು, ಮತ್ತೆ ಪರೀಕ್ಷಿಸಿಕೊಳ್ಳಬೇಕು. ಕಾರಣವಿಲ್ಲದ ಭಯಕ್ಕೆ ಮಾತ್ರ ಎಷ್ಟು ಪರೀಕ್ಷೆ ಮಾಡಿಸಿದರೂ ಸಾಲದು.