ಮೈನಾ ಕಲಿಸಿದ ಸಭಾಭಾಷೆ

ಕೆರೆಯ ದಡದಲ್ಲಿ ಸೇರುವ ಕಪ್ಪೆಗಳ ವಿದ್ವತ್ಸಭೆಯಲ್ಲಿ ತಾನೂ ಮಾತಾಡಬೇಕೆಂದು ಏಡಿಗೆ ಬಹಳ ಆಸೆ. ಅದು ಹೊಂಗೆಮರದ ಮೈನಾಳ ಬಳಿ ಪಾಠಕ್ಕೆ ಸೇರಿತು. ಮೈನಾಳಿಗೆ ವ್ಯಾಕರಣದ ಗೊಡವೆ ಬೇಡ; ಸಭೆಯಲ್ಲಿ ಕಪ್ಪೆಗಳು ಆಡಿದ ಮಾತನ್ನೆಲ್ಲ ಕೇಳಿ, ಕೂಡಿಟ್ಟು, ಅದನ್ನೇ ಕಲಿಸುವುದು ಅವಳ ಪದ್ಧತಿ.

"ವಿದ್ವಾಂಸರು ಯಾವುದನ್ನೂ ಖಂಡಿತವಾಗಿ ಹೇಳುವುದಿಲ್ಲ," ಎಂದಳು. "'ಇರಬಹುದೆಂದು ತೋರುತ್ತದೆ' ಎನ್ನು. ಅವರ ಬಾಯಲ್ಲಿ ಹೆಚ್ಚು ಬರುವುದು ಅದೇ."

ಏಡಿ ಉರುಹೊಡೆಯಿತು. ಸಭೆಯಲ್ಲಿ ಎದ್ದು ನಿಂತಾಗ, ಕಪ್ಪೆಗಳ ಹಿಂದಿನಿಂದ ಹಾವೊಂದು ಬರುವುದು ಅದಕ್ಕೆ ಕಂಡಿತು. "ಮಾನ್ಯರೇ, ತಮ್ಮ ಹಿಂದೆ ಉದ್ದನೆಯದೇನೋ ಬರುತ್ತಿರಬಹುದೆಂದು ತೋರುತ್ತದೆ."

"ಎಂಥ ಸಂಯಮದ ಶೈಲಿ," ಎಂದು ಕಪ್ಪೆಗಳು ತಲೆದೂಗಿದವು. ಬೆನ್ನ ಹಿಂದೆ ಬುಸ್ಸೆಂದಾಗ ಹಿರಿಯ ಕಪ್ಪೆ, "ಅಯ್ಯೋ, ಹಾವು ಬಂತು, ಓಡ್ರೋ" ಎಂದು ಕಿರುಚಿತು. ಎಲ್ಲವೂ ನೀರಿಗೆ ಹಾರಿ ಬದುಕಿದವು.

"ಈ ಮಾತು ಹೊಸದು. ಸಭೆ ಮುಗಿಸುವಾಗ ಹೀಗೆನ್ನಬೇಕು," ಎಂದಳು ಮರದ ಮೇಲಿಂದ ಎಲ್ಲ ಕೇಳಿಸಿಕೊಂಡಿದ್ದ ಮೈನಾ.

"ಗುರುಗಳೇ, ಅದು ಕಿರುಚಾಟವಲ್ಲವೇ?"

"ವಿದ್ವಾಂಸರ ಬಾಯಿಂದಲೇ ಬಂದದ್ದು. ಕಲಿ."

ಮುಂದಿನ ಸಭೆಯಲ್ಲಿ ಏಡಿ ಸೊಗಸಾಗಿ ಮಾತಾಡಿ, ಎರಡೂ ಇಕ್ಕಳ ಜೋಡಿಸಿ, ವಿನಯದಿಂದ "ಅಯ್ಯೋ, ಹಾವು ಬಂತು, ಓಡ್ರೋ" ಎಂದು ಮುಗಿಸಿತು.

ಕ್ಷಣದಲ್ಲಿ ಬರಿದಾದ ದಡವನ್ನು ನೋಡಿ ಮೈನಾ ಹೆಮ್ಮೆಯಿಂದ ರೆಕ್ಕೆ ಕೊಡವಿದಳು. "ನೋಡಿದೆಯಾ? ಸಭೆ ಮುಗಿಯಿತು. ನಮ್ಮ ಪಾಠ ಸರಿಯಾಗಿಯೇ ಇದೆ."