ಕಾವಿಗೆ ಕೂತ ಗುಮಾಸ್ತೆ

ಹೊಂಗೆ ತೋಪಿನ ಪಂಚಾಯಿತಿಗೆ ಒಂದು ಹೇಂಟೆ ಗುಮಾಸ್ತೆಯಾಗಿತ್ತು. ಕೆಲಸ ಮಧ್ಯಾಹ್ನದವರೆಗೆ ಮಾತ್ರ. ಮೊಟ್ಟೆಗಳಿಗೆ ಕಾವು ಕೊಡಬೇಕಿದ್ದರಿಂದ ಅದು ಮನೆಯ ಬುಟ್ಟಿಯಲ್ಲಿ ಕೂತೇ ಎಲ್ಲರ ಅಹವಾಲು ಕೇಳುತ್ತಿತ್ತು.

ಅಧ್ಯಕ್ಷ ನವಿಲಿಗೆ ಇದು ಹಿಡಿಸಲಿಲ್ಲ. "ಮನೆಯಲ್ಲಿ ಬೆಚ್ಚಗೆ ಕೂರುವುದೂ ಒಂದು ಕೆಲಸವೇನಮ್ಮ? ನಾಳೆಯಿಂದ ಕಟ್ಟೆಗೆ ಬಾ, ಇಲ್ಲವೇ ಕೆಲಸ ಬಿಡು."

"ಬರುತ್ತೇನೆ ಸ್ವಾಮಿ. ಅಷ್ಟು ಹೊತ್ತು ಮೊಟ್ಟೆಗಳ ಮೇಲೆ ತಾವು ಕೂತಿರಿ. ಎದ್ದರೆ ತಣ್ಣಗಾಗುತ್ತವೆ," ಎಂದಿತು ಹೇಂಟೆ.

ಕೂರುವುದೇನು ಮಹಾ ಎಂದು ನವಿಲು ಒಪ್ಪಿತು.

ಮರುದಿನ ಹೇಂಟೆ ಕಟ್ಟೆಯ ಮೇಲೆ ಕಾದೇ ಕಾದಿತು. ಒಂದು ಇರುವೆಯೂ ಅತ್ತ ಸುಳಿಯಲಿಲ್ಲ. ಹೊತ್ತು ನೆತ್ತಿಗೇರಿದಾಗ ಮನೆಗೆ ಬಂದರೆ, ಎಲ್ಲರೂ ಎಂದಿನಂತೆ ಬುಟ್ಟಿಯ ಮುಂದೆಯೇ ನೆರೆದಿದ್ದರು. ಕಪ್ಪೆಗೆ ಹೊಂಡದ ಕೆಸರಿನ ಚಿಂತೆ, ಅಳಿಲಿಗೆ ಪಕ್ಕದ ಪೊಟರೆಯವರ ಗಲಾಟೆ. ಆಮೆಯಂತೂ ಮೊನ್ನೆ ಹೇಳಿದ್ದನ್ನೇ ಮತ್ತೆ ಮೊದಲಿನಿಂದ ಹೇಳುತ್ತಿತ್ತು. ಏಳಲಾಗದ ನವಿಲು ಗರಿ ಮುದುರಿಕೊಂಡು ತಲೆಯಾಡಿಸುತ್ತಿತ್ತು.

"ಮಧ್ಯಾಹ್ನವಾಯಿತಲ್ಲಮ್ಮ, ಇವರೇಕೆ ಇನ್ನೂ ಹೋಗುತ್ತಿಲ್ಲ?" ಎಂದು ಅದು ಕೇಳಿತು.

"ಕೆಲಸ ಅರ್ಧ ದಿನದ್ದೇ ಸ್ವಾಮಿ. ಆದರೆ ನಾನು ಇಡೀ ದಿನ ಮನೆಯಲ್ಲೇ ಇರುತ್ತೇನೆಂದು ಇವರಿಗೆಲ್ಲ ಗೊತ್ತು."

ಅಂದಿನಿಂದ ಪಂಚಾಯಿತಿಯ ಸಭೆ ಬುಟ್ಟಿಯ ಪಕ್ಕದಲ್ಲೇ ಸೇರುತ್ತದೆ. ಅಧ್ಯಕ್ಷರು ಮಾತ್ರ ಒಂದು ಮಾರು ದೂರ ನಿಂತಿರುತ್ತಾರೆ. ಕೂತುಕೊಳ್ಳಿ ಎಂದು ಯಾರು ಹೇಳಿದರೂ ಕೂರುವುದಿಲ್ಲ.