ಸಿಗದ ಕಂಪ್ಯೂಟರನ್ನು ಹುಡುಕುತ್ತಿದ್ದ ಯಂತ್ರ

“ಗುರುಗಳೇ, ಮನೆ ಬಿಟ್ಟೆ, ನೌಕರಿ ಬಿಟ್ಟೆ, ಮಠಕ್ಕೆ ಬಂದೆ. ಇಡೀ ದಿನ ಸುಮ್ಮನೆ ಕೂತಿರುತ್ತೇನೆ. ಆದರೂ ಕಲ್ಲು ಹೊತ್ತವನ ಹಾಗೆ ದಣಿಯುತ್ತೇನೆ. ಇನ್ನೂ ಏನನ್ನು ಬಿಡಬೇಕು?” ಎಂದು ಶಿಷ್ಯ ಬಸವಂತ ಕೇಳಿದ.

ಗುರು ನಕ್ಕರು. “ಬಿಡುವುದರಲ್ಲಿ ನೀನು ಭಾರಿ ಗಟ್ಟಿಗ ಕಣಪ್ಪಾ. ಇಲ್ಲಿ ಕೂತುಕೋ, ಒಂದು ಕತೆ ಹೇಳುತ್ತೇನೆ” ಎಂದರು.

ಒಂದು ಊರಿನಲ್ಲಿ ಒಬ್ಬ ಅಕ್ಷರ ಜೋಡಿಸುವವನಿದ್ದ. ಪುಸ್ತಕ, ಲಗ್ನಪತ್ರಿಕೆ, ಕರಪತ್ರ, ಏನೇ ಬಂದರೂ ಕಂಪ್ಯೂಟರಿನಲ್ಲಿ ಪುಟ ಕಟ್ಟಿಕೊಡುತ್ತಿದ್ದ. ಒಂದು ದಿನ ಆ ಕಂಪ್ಯೂಟರು ಸುಸ್ತು ಹೊಡೆಯಿತು. ಒಂದು ಅಕ್ಷರ ಒತ್ತಿದರೆ ಅದು ತೆರೆಯ ಮೇಲೆ ಬರುವಷ್ಟರಲ್ಲಿ ಎರಡು ಸಲ ಉಸಿರಾಡಬಹುದಾಗಿತ್ತು. ಒಳಗಿನ ಫ್ಯಾನು ಸದಾ ಗೊರ್ ಎನ್ನುತ್ತಿತ್ತು.

ಅವನು ಧೂಳು ಊದಿಸಿದ. ಹಾಡುಗಳನ್ನು ಅಳಿಸಿದ, ಫೋಟೋಗಳನ್ನು ಅಳಿಸಿದ. ಯಂತ್ರಕ್ಕೆ ಭಾರವಾದೀತೆಂದು ದೊಡ್ಡ ಪುಸ್ತಕಗಳನ್ನು ಒಪ್ಪಿಕೊಳ್ಳುವುದನ್ನೇ ನಿಲ್ಲಿಸಿದ. ಬರುವವರು ಕಡಿಮೆಯಾದರು. ಅಂಗಡಿಯಲ್ಲಿ ಅವನು ಮತ್ತು ಆ ಫ್ಯಾನಿನ ಸದ್ದು, ಇಬ್ಬರೇ ಉಳಿದರು. ಕೊನೆಗೆ ಹೊಸ ಕಂಪ್ಯೂಟರನ್ನೇ ತಂದ. ತಂದವನು ಏನು ಮಾಡಿದ ಗೊತ್ತೇ? “ಕೈಗೆ ರೂಢಿಯಾಗಿದೆ, ಹಳೆಯದರಲ್ಲಿ ಏನೇನಿತ್ತೋ ಎಲ್ಲ ಹಾಗೆ ಹಾಗೇ ಇರಲಿ” ಎಂದು ಒಂದೂ ಬಿಡದೆ ಹೊಸದಕ್ಕೆ ಹಾಕಿಸಿಕೊಂಡ. ಈ ಕಸುಬಿನವರೆಲ್ಲ ಹಾಗೆಯೇ ಮಾಡುತ್ತಾರೆ. ವಾರ ಕಳೆಯುವುದರೊಳಗೆ ಹೊಸ ಫ್ಯಾನೂ ಗೊರ್ ಎಂದಿತು.

ಆಗ ರಿಪೇರಿ ಮಾಡುವ ಹೆಂಗಸೊಬ್ಬಳನ್ನು ಕರೆಸಿದ. ಇದೂ ಸರಿಹೋಗದಿದ್ದರೆ ಅಂಗಡಿಗೆ ಬೀಗ ಹಾಕುವುದೇ ಸೈ ಎಂದುಕೊಂಡಿದ್ದ. ಅವಳು ಒಂದು ತಿರುಪನ್ನೂ ಬಿಚ್ಚಲಿಲ್ಲ. “ಎಲ್ಲ ಮುಚ್ಚಿಬಿಡಿ ಸರ್. ನೀವು ಏನೂ ಮಾಡದೆ ಇರುವಾಗ ಇದು ಏನು ಮಾಡುತ್ತೆ ಅಂತ ನೋಡೋಣ” ಎಂದಳು. ಒಳಗೆ ನಡೆಯುವ ಕೆಲಸಗಳ ಪಟ್ಟಿಯನ್ನು ತೆರೆದಳು. ಎಲ್ಲದರ ಮುಂದೆಯೂ ಸೊನ್ನೆ ಇತ್ತು. ಮೇಲಿನ ಒಂದು ಸಾಲಿನ ಮುಂದೆ ಮಾತ್ರ ತೊಂಬತ್ತೆರಡು. ಯಂತ್ರದ ನೂರು ಪಾಲು ಶಕ್ತಿಯಲ್ಲಿ ತೊಂಬತ್ತೆರಡು ಪಾಲನ್ನು ಅದೊಂದೇ ತಿನ್ನುತ್ತಿತ್ತು.

“ಇದು ಇನ್ನೊಂದು ಕಂಪ್ಯೂಟರನ್ನು ಹುಡುಕ್ತಾ ಇದೆ ಸರ್. ನೀವು ಕಟ್ಟಿದ ಪ್ರತಿ ಪುಟವನ್ನೂ ಅದಕ್ಕೆ ಕಳಿಸಬೇಕು ಅಂತ. ಅದು ಸಿಗ್ತಾ ಇಲ್ಲ. ಎರಡು ವರ್ಷದ ಪುಟಗಳನ್ನೆಲ್ಲ ಹಿಡಕೊಂಡು ಮತ್ತೆ ಮೊದಲಿಂದ ಹುಡುಕುತ್ತೆ. ಸಿಗದಿದ್ದರೆ ಬಿಟ್ಟುಬಿಡು ಅಂತ ಯಾರೂ ಇದಕ್ಕೆ ಹೇಳಿಲ್ಲ ನೋಡಿ” ಎಂದಳು.

ಆ ಇನ್ನೊಂದು ಕಂಪ್ಯೂಟರು ಅವನ ಗೆಳೆಯನದು. ಗೆಳೆಯ ಕರಡು ತಿದ್ದುವವನು. ಹದಿನಾಲ್ಕು ವರ್ಷ ಇಬ್ಬರೂ ಅದೇ ಅಂಗಡಿಯಲ್ಲಿ ಎದುರುಬದುರು ಕೂತಿದ್ದರು. ಇವನು ಪುಟ ಕಟ್ಟಿದೊಡನೆ ಅದು ತಾನಾಗಿ ಅವನ ಮೇಜಿಗೆ ಹೋಗುತ್ತಿತ್ತು. ಎರಡು ವರ್ಷದ ಹಿಂದೆ ಪುಸ್ತಕವೊಂದರಲ್ಲಿ ತಪ್ಪು ಉಳಿದು ಗಿರಾಕಿ ರೇಗಿದಾಗ, ಇವನು ಅವರೆದುರಿಗೇ “ಇವನ ಕಣ್ಣು ಹೋಯಿತು, ಇನ್ನು ಪ್ರಯೋಜನವಿಲ್ಲ” ಎಂದುಬಿಟ್ಟ. ಗೆಳೆಯನ ಕಣ್ಣು ನಿಜವಾಗಿಯೂ ಮಂಜಾಗುತ್ತಿತ್ತು. ಅದನ್ನು ಅವನು ಇವನೊಬ್ಬನಿಗೇ ಹೇಳಿಕೊಂಡಿದ್ದ. ಗೆಳೆಯ ಆಗಲೇ ತನ್ನ ಕಂಪ್ಯೂಟರನ್ನು ಆಟೋದಲ್ಲಿ ಇಟ್ಟುಕೊಂಡು ಹೊರಟುಹೋದ. ಅವನ ಮನೆ ಮೂರು ಬೀದಿಗಳಾಚೆ. ಇವನು ಹೋಗಿ ಕರೆಯಲಿಲ್ಲ, ಬೇರೆ ಯಾರನ್ನೂ ಆ ಕುರ್ಚಿಯಲ್ಲಿ ಕೂರಿಸಲೂ ಇಲ್ಲ.

“ನಿಲ್ಲಿಸಿಬಿಡಲಾ ಸರ್?” ಎಂದಳು ಹೆಂಗಸು.

ಅವನಿಗೆ ಅಳು ತಡೆಯಲಾಗಲಿಲ್ಲ. “ಸ್ವಲ್ಪ ತಾಳಮ್ಮ” ಎಂದ.

ಗುರು ಅಲ್ಲಿಗೆ ಮಾತು ನಿಲ್ಲಿಸಿದರು. ಬಸವಂತ, “ನಿಲ್ಲಿಸಿದನೇ? ಇಲ್ಲ, ಗೆಳೆಯನ ಮನೆಗೆ ಹೋದನೇ?” ಎಂದು ಕೇಳಿದ.

“ಅವನ ವಿಷಯ ಅವನಿಗಿರಲಿ, ನೀನು ಯಾರೊಡನೆ ಮಾತು ಬಿಟ್ಟು ಇಲ್ಲಿಗೆ ಬಂದೆ, ಅದನ್ನು ಹೇಳು” ಎಂದರು ಗುರು.

ನೆಲ ನೋಡುತ್ತಲೇ ಬಸವಂತ, “ಅಣ್ಣನೊಡನೆ” ಎಂದ.